ಪಾಲಿಸಿಯಲ್ಲಿಲ್ಲದ ಸರಳು

ಫೈಲು ನನ್ನ ಮೇಜಿಗೆ ಬರುವ ಹೊತ್ತಿಗೇ ಅದರ ಹಣೆಬರಹ ಹೆಚ್ಚುಕಡಿಮೆ ಬರೆದಾಗಿತ್ತು. ವಿಶಾಖಪಟ್ಟಣದಲ್ಲಿ ಗಾಡಿ ಪರೀಕ್ಷಿಸಿದ ನಮ್ಮ ಸರ್ವೇಯರು ತಮ್ಮ ವರದಿಯ ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು: ಅನುಮತಿಯಿಲ್ಲದೆ ಅಳವಡಿಸಿದ ಬ್ರೇಕ್ ಜೋಡಣೆ ಕೈಕೊಟ್ಟದ್ದರಿಂದ ಅಪಘಾತವಾಗಿದೆ. ವಿಮಾ ಕಂಪನಿಯ ವಿಜಯವಾಡ ಕಚೇರಿಯಲ್ಲಿ ವಾಹನಗಳ ಕ್ಲೇಮು ನೋಡುವವಳು ನಾನು. ಇಂಥ ಸಾಲು ಬಂದರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ನಿರಾಕರಣೆ ಪತ್ರದ ಮಾದರಿ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇರುತ್ತದೆ, ಹೆಸರು ಮತ್ತು ಗಾಡಿ ನಂಬರು ತುಂಬಿದರೆ ಆಯಿತು.

ಫೋಟೋಗಳನ್ನು ನೋಡಿದೆ. ಅಚ್ಯುತಾಪುರಂ ರಸ್ತೆಯಲ್ಲಿ ನಿಂತಿದ್ದ ಟಿಪ್ಪರ್ ಲಾರಿಯ ಹಿಂಭಾಗಕ್ಕೆ ಮೂತಿ ತೂರಿಸಿಕೊಂಡ ಸಣ್ಣ ಆಟೋಮ್ಯಾಟಿಕ್ ಕಾರು, ಕರ್ನಾಟಕದ ನಂಬರು. ಓಡಿಸುತ್ತಿದ್ದವರು ಅಲ್ಲಿನ ಬ್ಯಾಂಕ್ ಶಾಖೆಯೊಂದರಲ್ಲಿ ಕ್ಲರ್ಕ್ ಆಗಿರುವ ಹೆಂಗಸು. ಚಿಕ್ಕಂದಿನ ಪೋಲಿಯೋದಿಂದ ಎರಡೂ ಕಾಲಿಗೆ ಬಲವಿಲ್ಲ. ಸ್ಟೀರಿಂಗಿನ ಕೆಳಗಿನಿಂದ ಬ್ರೇಕ್ ಪೆಡಲಿನವರೆಗೆ ಒಂದು ಉಕ್ಕಿನ ಸರಳು ಹೋಗಿತ್ತು. ಅದರ ಮೇಲಿನ ಹಿಡಿಯನ್ನು ಎಡಗೈಯಿಂದ ಮುಂದಕ್ಕೆ ತಳ್ಳಿದರೆ ಬ್ರೇಕು, ತನ್ನ ಕಡೆಗೆ ಎಳೆದುಕೊಂಡರೆ ವೇಗ. ಫೋಟೋದಲ್ಲಿ ಆ ಸರಳು ನಡುವೆ ಬಾಗಿತ್ತು. ಆರ್‌ಸಿಯಲ್ಲಿ ಅದರ ಸುದ್ದಿಯಿಲ್ಲ, ಪಾಲಿಸಿಯಲ್ಲೂ ಇಲ್ಲ. ನವೀಕರಣದ ಸಮಯದಲ್ಲಿ 'ವಾಹನದಲ್ಲಿ ಏನಾದರೂ ಬದಲಾವಣೆ ಮಾಡಿಸಿದ್ದೀರಾ' ಎಂಬ ಪ್ರಶ್ನೆಗೆ 'ಇಲ್ಲ' ಎಂದು ಒತ್ತಿದ್ದರು.

ಜನಕ್ಕೆ ಕಾರು ಎಂದರೆ ಇಡಿಯಾದ ಒಂದು ವಸ್ತು. ನಮಗೆ ಹಾಗಲ್ಲ. ಕಾರ್ಖಾನೆಯಿಂದ ಕೂಡಿಬಂದದ್ದು ಕಾರಿನ ಬೆಲೆಯೊಳಗೇ ಸೇರಿರುತ್ತದೆ, ಅದಕ್ಕೆ ತಕರಾರಿಲ್ಲ. ಶೋರೂಮಿನವರು ಆಸೆ ಹುಟ್ಟಿಸಿ ಹಾಕಿಕೊಟ್ಟ ಸ್ಪೀಕರು, ಕ್ಯಾಮೆರಾ, ಚರ್ಮದ ಸೀಟು ಇವನ್ನೆಲ್ಲ ಪಾಲಿಸಿಯಲ್ಲಿ ಬೇರೆಯಾಗಿ ಬರೆಸಿ ಪ್ರೀಮಿಯಂ ಕಟ್ಟಿದ್ದರೆ ಕೊಡುತ್ತೇವೆ, ಇಲ್ಲದಿದ್ದರೆ ಅಷ್ಟನ್ನು ಬಿಟ್ಟು ಲೆಕ್ಕ ಹಾಕುತ್ತೇವೆ. ಇನ್ನೊಂದು ಬಗೆ ಇದೆ. ಅದು ಗಾಡಿಯ ಗುಣವನ್ನೇ ಬದಲಿಸುವಂಥದ್ದು: ಗ್ಯಾಸ್ ಕಿಟ್ಟು, ಅಳತೆ ಮೀರಿದ ಚಕ್ರ, ಎಂಜಿನ್ನಿಗೋ ಬ್ರೇಕಿಗೋ ಕೈಹಚ್ಚಿದ್ದು. ಇದನ್ನು ಆರ್‌ಟಿಒಗೂ ನಮಗೂ ತಿಳಿಸದೆ ಮಾಡಿದರೆ ಇಡೀ ಕ್ಲೇಮೇ ಅಲುಗಾಡುತ್ತದೆ. ಹೋಗಿ ಹೋಗಿ ಬ್ರೇಕಿಗೇ ಕೈಹಾಕಿ ಬಾಯಿ ಮುಚ್ಚಿಕೊಂಡು ಕೂತಿದ್ದಾರಲ್ಲ ಎಂದು ನನಗೆ ಮೈ ಉರಿಯಿತು. ನನಗೆ ಸಿಟ್ಟು ಬರುವುದು ಸ್ವಲ್ಪ ಬೇಗ, ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ನಿರಾಕರಣೆ ಪತ್ರ ತಯಾರಿಸಿ ಇಟ್ಟೆ.

ಪತ್ರ ಕಳಿಸುವ ಮೊದಲು ವಿಮೆ ಮಾಡಿಸಿದವರ ವಿವರಣೆ ಕೇಳಬೇಕು. ನೋಟಿಸು ಹೋಯಿತು. ಅದಕ್ಕೆ ಉತ್ತರವಾಗಿ ಫೋನೇ ಬಂತು. ಆಕೆ ತೆಲುಗಿನಲ್ಲಿ ಶುರುಮಾಡಿದವರು, ನನ್ನ ತೆಲುಗನ್ನು ಎರಡು ಮಾತು ಕೇಳಿಸಿಕೊಂಡು ನಿಂತರು.

"ಮೇಡಂ, ನೀವು ಕನ್ನಡದವರಾ?"

"ಹೌದ್ರೀ, ಧಾರವಾಡ ಕಡಿ. ಆದ್ರ ಕನ್ನಡದವರು ಅಂದಕೂಡ್ಲೆ ಕಾನೂನು ಬ್ಯಾರೆ ಆಗೂದಿಲ್ರಿ."

"ಅಯ್ಯೋ, ಅದಕ್ಕಲ್ಲ ಕೇಳಿದ್ದು. ನಿಮ್ಮ ತೆಲುಗು ನನ್ನ ತೆಲುಗಿಗಿಂತ ಕಷ್ಟದಲ್ಲಿತ್ತು, ಅದಕ್ಕೆ."

ಹಾಸನದ ಕಡೆಯ ಮಾತು. ನಗು ಬಂದರೂ ತೋರಿಸಿಕೊಳ್ಳದೆ, "ಬ್ರೇಕಿಗೆ ಸರಳ ಕಟ್ಟಿಸಿ, ಬದಲಾವಣಿ ಏನೂ ಇಲ್ಲ ಅಂತ ಒತ್ತೀರಲ್ರೀ, ಯಾಕ?" ಎಂದೆ.

"ಒತ್ತಿದ್ದು ನಮ್ಮನೆಯವರು. ನೇವಿಲಿದ್ದಾರೆ, ಈಗ ಹಡಗಲ್ಲಿ ಹೋಗಿದ್ದಾರೆ. ಮಾಡಿಫಿಕೇಶನ್ ಅಂದ್ರೆ ಈ ಕಾಲೇಜು ಹುಡುಗರು ಸದ್ದು ಮಾಡೋ ಸೈಲೆನ್ಸರ್ ಹಾಕಿಸ್ತಾರಲ್ಲ, ಅದು ಅನ್ಕೊಂಡಿದ್ವಿ ಮೇಡಂ. ನನ್ನ ಕಾಲಿಗೆ ಅಂತ ಹಾಕಿಸಿದ್ದು ಹೆಂಗೆ ಮಾಡಿಫಿಕೇಶನ್ ಆಗುತ್ತೆ? ಕನ್ನಡಕ ಹಾಕ್ಕೊಂಡಂಗೆ ಅಲ್ವಾ?"

ಆರ್‌ಸಿಯಲ್ಲಾದರೂ ಯಾಕೆ ಬರೆಸಲಿಲ್ಲ ಎಂದು ಇನ್ನೊಂದು ಕಡೆಯಿಂದ ಹಿಡಿದೆ. ಗಾಡಿ ಹಾಸನದಲ್ಲಿ ನೋಂದಣಿಯಾದದ್ದು. ಇಲ್ಲಿನ ಆರ್‌ಟಿಒ ಕಚೇರಿಯಲ್ಲಿ ಕೇಳಿದರೆ, ಅಲ್ಲಿಂದ ಎನ್‌ಒಸಿ ತಂದು ಆಂಧ್ರದ ನಂಬರು ಮಾಡಿಸಿ, ಆಮೇಲೆ ಬದಲಾವಣೆ ಬರೆಸಿ ಎಂದರಂತೆ. "ಇವತ್ತಲ್ಲ ನಾಳೆ ಕಾರವಾರಕ್ಕೆ ಪೋಸ್ಟಿಂಗ್ ಬರುತ್ತೆ, ಅಲ್ಲಿಗೆ ಹೋದ್ಮೇಲೆ ಮಾಡಿಸಿದ್ರಾಯ್ತು ಅಂದ್ರು ಇವರು. ಕ್ವಾರ್ಟರ್ಸಲ್ಲಿ ಕನ್ನಡದವರೆಲ್ಲ ಹಂಗೇ ಮೇಡಂ, ಊರಿನ ನಂಬರ್ ಪ್ಲೇಟ್ ಯಾರೂ ಬಿಚ್ಚಲ್ಲ." ವರ್ಗಾವಣೆಯ ಮೇಲೆ ಬಂದ ನಮ್ಮಂಥವರ ರೋಗವೇ ಇದು. ವರ್ಷಗಟ್ಟಲೆ ಇದ್ದರೂ ನಾಳೆ ಹೊರಡುವವರಂತೆ ಇರುತ್ತೇವೆ. ವಿಜಯವಾಡದಲ್ಲಿ ಓಡಾಡುವ ನನ್ನ ಸ್ಕೂಟರಿನ ನಂಬರೂ ಧಾರವಾಡದ್ದೇ. ಅದನ್ನು ಆಕೆಗೆ ಹೇಳಲು ಹೋಗಲಿಲ್ಲ.

"ಮೇಡಂ, ಒಂದು ಮಾತು. ದುಡ್ಡು ಕೊಡದಿದ್ರೂ ಪರವಾಗಿಲ್ಲ," ಎಂದರು ಆಕೆ. "ಹ್ಯಾಂಡ್ ಕಂಟ್ರೋಲ್ ಕೈಕೊಡ್ತು ಅಂತ ಮಾತ್ರ ಬರೀಬೇಡಿ. ಅದು ಕೈಕೊಡಲಿಲ್ಲ. ಬ್ರೇಕ್ ಹಿಡೀತು, ಪೂರ್ತಿ ಹಿಡೀಲಿಲ್ಲ, ಅಷ್ಟೇ."

ಅಪಘಾತದ ನಂತರ ಗಾಡಿ ಪರೀಕ್ಷಿಸಬೇಕಾದ ಆರ್‌ಟಿಒ ಇನ್‌ಸ್ಪೆಕ್ಟರು, ವಿಮಾ ಕಂಪನಿಯ ವರದಿ ಬರಲಿ, ನೋಡಿ ಬರೆಯುತ್ತೇನೆ ಎಂದು ಕೂತಿದ್ದಾರಂತೆ. ಸರಳು ವಿಫಲವಾಯಿತು ಎಂದು ನಾವು ಬರೆದರೆ ಆಕೆಯ ಲೈಸೆನ್ಸು ಹೋಗುತ್ತದೆ. ಗಂಡನೂ ಹಡಗಿನಿಂದ ಫೋನು ಮಾಡಿದಾಗಲೆಲ್ಲ, ಆದದ್ದಾಯಿತು, ಇನ್ನು ಓಡಿಸುವುದು ಬೇಡ ಎನ್ನುತ್ತಿದ್ದಾರೆ.

"ಕಾರು ಬರೋಕ್ಕೆ ಮುಂಚೆ ಷೇರ್ ಆಟೋದಲ್ಲೇ ಬ್ಯಾಂಕಿಗೆ ಹೋಗ್ತಿದ್ದೆ. ಯಾರಾದ್ರೂ ಎತ್ತಿ ಕೂರಿಸ್ಬೇಕು, ಎತ್ತಿ ಇಳಿಸ್ಬೇಕು. ಎತ್ತೋ ನೆಪದಲ್ಲಿ ಕೈ ಎಲ್ಲೆಲ್ಲಿ ಇಡ್ತಾರೆ ಅಂತ ನಾನು ಬಾಯ್ಬಿಟ್ಟು ಹೇಳ್ಬೇಕಾಗಿಲ್ಲ ನಿಮಗೆ. ಮತ್ತೆ ಆ ಬದುಕು ನನ್ನ ಕೈಲಾಗಲ್ಲ ಮೇಡಂ."

"ನೋಡ್ತೀನಿ ತಡೀರಿ," ಎಂದಷ್ಟೇ ಹೇಳಿ ಫೋನಿಟ್ಟೆ. ಪತ್ರವನ್ನು ಅಂದು ಕಳಿಸಲಿಲ್ಲ.

ಸರಳು ಅಳವಡಿಸಿದವನು ವಿಜಯವಾಡದ ಆಟೋನಗರದವನೇ ಎಂದು ಆಕೆ ಹೇಳಿದ್ದರು. ಅವನಿಂದ, ಈ ಜೋಡಣೆ ಇಂಥ ಉಕ್ಕಿನದು, ಇಷ್ಟು ಒತ್ತಡ ತಡೆಯುತ್ತದೆ ಎಂದು ಬರೆಸಿಕೊಂಡರೆ ಸರ್ವೇಯರ ಮಾತನ್ನು ಪ್ರಶ್ನಿಸಲು ದಾರಿಯಾಗುತ್ತದೆ ಎಂದುಕೊಂಡು ಮರುದಿನ ಹೋದೆ. ಲಾರಿ ಬಾಡಿ ಕಟ್ಟುವವರು, ರೇಡಿಯೇಟರಿನವರು, ಹಳೇ ಟೈರು ಕೊಯ್ಯುವವರು, ಇವರ ನಡುವೆ ಅವನ ಶೆಡ್ಡು. ಬೋರ್ಡಿನ ಮೇಲೆ ಗಾಲಿಕುರ್ಚಿಯ ಚಿತ್ರ. ನಾನು ಗಿರಾಕಿಯೆಂದುಕೊಂಡು ಬಹಳ ಉಪಚಾರ ಮಾಡಿದ. ಚಹಾ ತರಿಸಿದ. ಎಲ್ಲೆಲ್ಲಿಯ ಜನ ತನ್ನ ಕಿಟ್ಟು ಹಾಕಿಸಿಕೊಂಡಿದ್ದಾರೆ, ಯಾವ ಅಧಿಕಾರಿ ತನ್ನ ಬೆನ್ನು ತಟ್ಟಿದರು ಎಂದು ಕೊಚ್ಚಿಕೊಂಡ.

ನಾನು ಬಾಗಿದ ಸರಳಿನ ಫೋಟೋ ತೋರಿಸಿ ಕಂಪನಿಯ ಹೆಸರು ಹೇಳಿದೆ. ಅವನ ಮುಖ ಸಣ್ಣಗಾಯಿತು.

"ಅದಿ ಮಾದಿ ಕಾದಂಡಿ," ಎಂದ. ನಮ್ಮದಲ್ಲ.

"ನಿಮ್ಮದಲ್ಲ ಅಂದ್ರ? ಅದಽ ನೀಲಿ ಬಣ್ಣ, ಅದಽ ಕ್ಲ್ಯಾಂಪು, ಅಗೋ ನಿಮ್ಮ ಮೇಜಿನ ಮ್ಯಾಲೆ ಬಿದ್ದದಲ್ಲ!" ಸಿಟ್ಟಿನಲ್ಲಿ ಕನ್ನಡವೇ ಬಂತು. ಆಮೇಲೆ ಅದನ್ನೇ ತೆಲುಗಿನಲ್ಲಿ ಬೈದೆ. ಬಿಲ್ಲು ತೋರಿಸಿ ಎಂದ. ಬಿಲ್ಲನ್ನು ಇವನು ಕೊಟ್ಟಿದ್ದರೆ ತಾನೇ? ಕಿಟ್ಟಿಗೆ ಸರ್ಕಾರದ ವಾಹನ ಪರೀಕ್ಷಾ ಕೇಂದ್ರದ ಅನುಮೋದನೆ ಇದೆಯೇ ಎಂದು ಕೇಳಿದ್ದಕ್ಕೆ ವೆಲ್ಡಿಂಗ್ ಕನ್ನಡಕ ಕಣ್ಣಿಗೇರಿಸಿಕೊಂಡು ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ.

ಆಕೆಗೆ ಸಹಾಯ ಮಾಡಲು ಹೋಗಿ ನಾನು ಕಂಡುಕೊಂಡದ್ದು ಇಷ್ಟು: ಆ ಸರಳಿಗೆ ಅನುಮೋದನೆಯಿಲ್ಲ, ಬಿಲ್ಲಿಲ್ಲ, ಹಾಕಿದವನೇ ತನ್ನದಲ್ಲ ಎನ್ನುತ್ತಾನೆ. ಮ್ಯಾನೇಜರಿಗೆ ಹೇಳಿದೆ. ಅವರು ಒಳ್ಳೆಯವರೇ. ಆದರೆ ನಿವೃತ್ತಿಗೆ ಹತ್ತಿರವಿರುವ ಒಳ್ಳೆಯವರು. ಆಡಿಟ್‌ನವರಿಗೆ ಮೊದಲು ಕಾಣುವುದೇ ಇಂಥ ಫೈಲು, ಪತ್ರ ಸಿದ್ಧವಿದೆಯಲ್ಲ, ಕಳಿಸಿ ಕೈ ತೊಳೆದುಕೊಳ್ಳಿ ಎಂದರು. ಒಮ್ಮೆ ಗಾಡಿಯನ್ನು ಕಣ್ಣಾರೆ ನೋಡಿ ಬರುತ್ತೇನೆ ಎಂದೆ. ಅದಕ್ಕೆ ಬೇಡವೆನ್ನಲಿಲ್ಲ.

ಬೆಳಗಿನ ರೈಲು ಹಿಡಿದು ವಿಶಾಖಪಟ್ಟಣಕ್ಕೆ ಹೋದೆ. ಕಾರನ್ನು ಗಾಜುವಾಕದ ಒಂದು ವರ್ಕ್‌ಶಾಪಿನ ಹಿಂದಿನ ಅಂಗಳದಲ್ಲಿ ನಿಲ್ಲಿಸಿದ್ದರು. ಸರ್ವೇಯರು ಹೆಲ್ಮೆಟ್ ಕೂಡ ತೆಗೆಯದೆ ಕಾಯುತ್ತಿದ್ದರು. ದೊಡ್ಡ ಮೈಯ ಆಸಾಮಿ, ಸೆಕೆಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ರಿಪೋರ್ಟ್ ಇಚ್ಚೇಶಾನು ಕದಂಡಿ," ಎಂದರು. ವರದಿ ಕೊಟ್ಟಾಗಿದೆಯಲ್ಲ, ಮತ್ತೇನು ಎಂಬ ಧಾಟಿ.

ಹಾಗಾದರೆ ಅದನ್ನೇ ನನಗೆ ಮೊದಲಿನಿಂದ ತೋರಿಸಿ ಎಂದೆ. ಬಾನೆಟ್ಟಿನಿಂದ ಶುರುಮಾಡಿದೆವು. ಬ್ರೇಕ್ ಎಣ್ಣೆಯ ಡಬ್ಬಿ ತುಂಬಿತ್ತು. ಕೊಳವೆಗಳಲ್ಲಿ ಸೋರಿದ ಗುರುತಿಲ್ಲ. ಚಕ್ರ ಬಿಚ್ಚಿಸಿ ಪ್ಯಾಡು ನೋಡಿದರೆ ಚೆನ್ನಾಗಿಯೇ ಇದ್ದವು. ಪೆಡಲಿಗೆ ಸರಳನ್ನು ಕಚ್ಚಿಸಿದ ಕ್ಲ್ಯಾಂಪು ಜಾರಿರಲಿಲ್ಲ. ಅದರ ಎರಡು ಬೋಲ್ಟುಗಳಿಗೆ ಬಳಿದ ಬಣ್ಣ ಒಡೆಯದೆ ಹಾಗೇ ಇತ್ತು. ಹಾಗಿದ್ದರೆ ವಿಫಲವಾದದ್ದು ಯಾವುದು ಎಂದು ಕೇಳಿದೆ. ಸರ್ವೇಯರು ಬಾಗಿದ ಜಾಗ ತೋರಿಸಿದರು. ಸರಳು ತೆಳ್ಳಗಿದೆ, ಆಕೆ ಜೋರಾಗಿ ತಳ್ಳಿದಾಗ ಬಾಗಿದೆ, ಬಾಗಿದ್ದರಿಂದ ಒತ್ತಡ ಪೆಡಲಿಗೆ ಪೂರ್ತಿ ತಲುಪಿಲ್ಲ ಎಂಬುದು ಅವರ ವಾದ. ಬ್ರೇಕ್ ಹಿಡಿಯಿತು, ಪೂರ್ತಿ ಹಿಡಿಯಲಿಲ್ಲ ಎಂದು ಆಕೆಯೇ ಹೇಳಿದ್ದಕ್ಕೂ ಇದು ಸರಿಹೊಂದುತ್ತಿತ್ತು. ಡಿಕ್ಕಿಯಾದಾಗ ಬಾಗಿರಬಹುದಲ್ಲ ಎಂದೆ. ಬಾಗಿರಬಹುದು, ಆದರೆ ಬಾಗಿದ ಕಬ್ಬಿಣ ಹೊತ್ತು ಹೇಳುತ್ತದೆಯೇ ಎಂದರು. ನನಗೆ ತಲೆ ಮೇಲೆ ಕೈಹೊತ್ತು ಕೂರುವ ಹಾಗಾಯಿತು.

ಸೀಟಿನ ಮುಂದೆ ಬಗ್ಗಿ ಸರಳಿನ ಫೋಟೋ ತೆಗೆಯುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಉಳಿದ ಮೂರು ಕಡೆ ಕಾಲಡಿಯಲ್ಲಿ ಮ್ಯಾಟುಗಳಿದ್ದವು, ಚಾಲಕರ ಕಡೆ ಬರೀ ನೆಲ. ಮ್ಯಾಟನ್ನು ಸಿಕ್ಕಿಸುವ ಎರಡು ಪ್ಲಾಸ್ಟಿಕ್ ಕೊಕ್ಕೆಗಳು ಖಾಲಿಯಾಗಿ ನಿಂತಿದ್ದವು. ವರ್ಕ್‌ಶಾಪಿನವರನ್ನು ಕೇಳಿದೆ. ಗಾಡಿ ಎಳೆದು ತರುವಾಗ ಒಳಗೆ ಸಡಿಲವಾಗಿ ಬಿದ್ದದ್ದನ್ನೆಲ್ಲ ಡಿಕ್ಕಿಗೆ ತುಂಬಿದ್ದೆವು ಎಂದರು. ತೆಗೆದು ನೋಡಿದರೆ ಊಟದ ಡಬ್ಬಿ, ಛತ್ರಿ, ಒಂದು ಊರುಗೋಲು, ಅವುಗಳ ಕೆಳಗೆ ಮಡಚಿ ತುರುಕಿದ ಮ್ಯಾಟು. ಈಗ ಎಲ್ಲರೂ ಹಾಕಿಸಿಕೊಳ್ಳುತ್ತಾರಲ್ಲ, ಒಳಗೆ ಸ್ಪಂಜು, ಮೇಲೆ ಚರ್ಮದಂಥ ಹೊದಿಕೆ, ಹಾಸಿಗೆಯ ಹಾಗೆ ದಪ್ಪಗಿರುವಂಥದ್ದು. ಬಣ್ಣ ಉಳಿದ ಮೂರಕ್ಕೆ ಹೊಂದುತ್ತಿರಲಿಲ್ಲ. ಕೊಕ್ಕೆಗೆ ಬೇಕಾದ ತೂತುಗಳು ಬೇರೆ ಜಾಗದಲ್ಲಿದ್ದವು. ಅದು ಬೇರೆ ಯಾವುದೋ ಕಾರಿನ ಮ್ಯಾಟು.

ನೆಲಕ್ಕೆ ಹಾಸಿ ನೋಡಿದೆವು. ಮುಂದಿನ ಅಂಚಿನ ಹತ್ತಿರ ಸ್ಪಂಜು ಮಡಚಿ ಮುದ್ದೆಯಾಗಿ ಗೆರೆ ಬಿದ್ದಿತ್ತು. ಆ ಮಡಿಕೆಯ ಮೇಲೆ ಪಕ್ಕಪಕ್ಕಕ್ಕೆ ಎರಡು ಗುಂಡನೆಯ ತಗ್ಗು, ಹೊದಿಕೆ ಅಲ್ಲಿ ಹರಿದಿತ್ತು. ನಾನು ಸರ್ವೇಯರ ಮುಖ ನೋಡಿದೆ. ಅವರು ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟು, ಮ್ಯಾಟನ್ನು ಎತ್ತಿಕೊಂಡು ಹೋಗಿ ಪೆಡಲಿನ ಕೆಳಗೆ ಹಿಡಿದರು. ಕ್ಲ್ಯಾಂಪಿನ ಎರಡು ಬೋಲ್ಟುಗಳು ಆ ಎರಡು ತಗ್ಗುಗಳಲ್ಲಿ ಸರಿಯಾಗಿ ಕೂತವು. ಸರಳು ಬಾಗಿದ್ದು ಯಾವಾಗಲಾದರೂ ಇರಲಿ, ಪೆಡಲನ್ನು ಅರ್ಧಕ್ಕೆ ತಡೆದದ್ದು ಈ ಮ್ಯಾಟು.

ಆಮೇಲೆ ಒಂದು ಪರೀಕ್ಷೆ ಮಾಡಿದೆವು. ವರ್ಕ್‌ಶಾಪಿನಲ್ಲಿ ಸರ್ವಿಸಿಗೆ ಬಂದಿದ್ದ ಅದೇ ಮಾದರಿಯ ಇನ್ನೊಂದು ಕಾರಿನಲ್ಲಿ ಮ್ಯಾಟನ್ನು ಹಾಗೇ ಮುಂದಕ್ಕೆ ಜಾರಿಸಿ, ಎಂಜಿನ್ ಚಾಲೂ ಮಾಡಿ ನಿಂತಲ್ಲೇ ಬ್ರೇಕು ಒತ್ತಿ ನೋಡುವುದು. ಒಂದು ಕಬ್ಬಿಣದ ಪೈಪನ್ನು ಪೆಡಲಿಗೆ ಊರಿ ನಾನು ಕೈಯಿಂದ ತಳ್ಳಿದೆ. ಪೆಡಲು ಸ್ವಲ್ಪ ದೂರ ಹೋಗಿ ನಿಂತಿತು. ಬ್ರೇಕು ಹಿಡಿಯಿತು ಎಂದೇ ನನಗನ್ನಿಸಿತು. ಮ್ಯಾಟು ತೆಗೆದು ತಳ್ಳಿದರೆ ಇನ್ನೂ ಒಳಕ್ಕೆ ಹೋಯಿತು. ನಿಂತದ್ದು ಬ್ರೇಕಿಗೋ ಸ್ಪಂಜಿನ ಮುದ್ದೆಗೋ ಎಂಬುದು ನನ್ನ ಕೈಗೆ ಗೊತ್ತಾಗಲೇ ಇಲ್ಲ. ಸರ್ವೇಯರು ಬೂಟುಗಾಲಿನಿಂದ ಒತ್ತಿದರು. ಒತ್ತಿದ ಕೂಡಲೇ ಕೆಳಗೇನೋ ಮೆತ್ತಗಿದೆ ಎಂದು ಹಿಮ್ಮಡಿಯಿಂದ ಮ್ಯಾಟನ್ನು ಹಿಂದಕ್ಕೆ ಎಳೆದುಕೊಂಡರು.

"ನೇನು ಚೂಡಲೇದಂಡಿ," ಎಂದರು. ನಾನು ನೋಡಿರಲಿಲ್ಲ. ಒಪ್ಪಿಕೊಂಡದ್ದು ದೊಡ್ಡದೇ. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಕಾಲಿನಿಂದ ಓಡಿಸುವವರಾಗಿದ್ದರೆ ತಕ್ಷಣ ತಿಳಿಯುತ್ತಿತ್ತು, ಕೈಯಿಂದ ಓಡಿಸಿದ್ದಕ್ಕೇ ತಿಳಿಯಲಿಲ್ಲ, ಅಂದಮೇಲೆ ಸುತ್ತಿಬಳಸಿ ದೋಷ ಆ ಸರಳಿಗೇ ಬಂತಲ್ಲ ಮೇಡಂ ಎಂದರು. ಅದು ಸುಳ್ಳೆಂದು ಹೇಳುವುದು ನನ್ನಿಂದಾಗಲಿಲ್ಲ. ಈಗಷ್ಟೇ ನನ್ನ ಕೈಯೇ ಮೋಸಹೋಗಿತ್ತು.

ಮಧ್ಯಾಹ್ನ ಆಕೆಯನ್ನು ನೋಡಲು ನೌಕಾಪಡೆಯ ಕ್ವಾರ್ಟರ್ಸಿಗೆ ಹೋದೆ. ಗೇಟಿನಲ್ಲಿ ಪಾಸು ಮಾಡಿಸಿಟ್ಟಿದ್ದರು. ಕಾಲರ್‌ಬೋನ್ ಮುರಿದು ತೋಳನ್ನು ಬಟ್ಟೆಯ ಪಟ್ಟಿಯಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದ ಆಕೆ ಒಂದೇ ಊರುಗೋಲಿನಲ್ಲಿ ಬಾಗಿಲು ತೆಗೆದರು. ಒಳಗೆ ಕೂರುವ ಮೊದಲೇ ಮ್ಯಾಟಿನ ಫೋಟೋ ತೋರಿಸಿ, ಇದು ಎಲ್ಲಿಂದ ಬಂತು ಎಂದು ಕೇಳಿದೆ.

"ಅದಾ? ಎದುರು ಮನೆಯವರು ಕೊಟ್ಟಿದ್ದು. ಗದಗಿನವರು. ಅವರಿಗೆ ಕೊಚ್ಚಿಗೆ ಪೋಸ್ಟಿಂಗ್ ಆಯ್ತು."

ಅಲ್ಲಿಯ ಪದ್ಧತಿಯನ್ನು ಆಕೆಯೇ ಹೇಳಿದರು. ವರ್ಗವಾಗಿ ಹೋಗುವವರು ಟ್ರಕ್ಕಿಗೆ ಹಿಡಿಯದ್ದನ್ನೆಲ್ಲ ಉಳಿದವರಿಗೆ ಹಂಚಿ ಹೋಗುತ್ತಾರೆ. ಕೂಲರು, ಪರದೆ, ತುಳಸಿ ಕುಂಡ, ಉಪ್ಪಿನಕಾಯಿ ಭರಣಿ. ಬೇಡ ಎನ್ನುವಂತಿಲ್ಲ. ಬೇಡ ಎಂದರೆ ಸ್ನೇಹವೇ ಬೇಡ ಎಂದಂತೆ. ಎದುರು ಮನೆಯವರು ಕಾರು ಮಾರಿದ್ದರು, ಮ್ಯಾಟು ಹೊಸದಾಗಿತ್ತು. ಆ ಮನೆಯ ಗೆಳತಿ ತಾನೇ ಬಂದು, ಈಕೆಯ ಹಳೆಯ ಹರಕು ಮ್ಯಾಟು ತೆಗೆದು ಇದನ್ನು ಹಾಸಿ ಹೋಗಿದ್ದರು. ನಿನ್ನ ಕಾಲಿಗೆ ಮೆತ್ತಗಿರಲಿ ಎಂದರಂತೆ. ಅದಾದ ಮೂರ್ನಾಲ್ಕು ದಿನಕ್ಕೆ ಟಿಪ್ಪರಿನ ಹಿಂದೆ ಬ್ರೇಕು ಪೂರ್ತಿ ಹಿಡಿಯಲಿಲ್ಲ.

ನಾನು ತಗ್ಗುಗಳ ಫೋಟೋ ತೋರಿಸಿ ವಿವರಿಸಿದೆ. ಆಕೆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು. ಕಣ್ಣ ತುಂಬ ನೀರು ಬಂದು, ತೋಳಿನ ಪಟ್ಟಿಯ ಅಂಚಿನಿಂದಲೇ ಒರೆಸಿಕೊಂಡರು.

"ಅವಳಿಗೆ ಗೊತ್ತಾಗಬಾರದು ಮೇಡಂ. ಗೊತ್ತಾದ್ರೆ ಅನ್ನ ನೀರು ಬಿಡ್ತಾಳೆ."

"ಯಾರು ಹಾಸಿದ್ರು ಅನ್ನೂದು ಕಂಪನಿಗೆ ಬೇಕಾಗಿಲ್ರಿ. ಬ್ಯಾರೆ ಕಾರಿನ ಮ್ಯಾಟು, ಸಡಿಲ ಇತ್ತು, ಅಷ್ಟ ಬರೀತೀನಿ."

"ಹಂಗಾದ್ರೆ ಹ್ಯಾಂಡ್ ಕಂಟ್ರೋಲ್ ತಪ್ಪಿಲ್ಲ ಅಂತಾಯ್ತಲ್ಲ! ಅಬ್ಬಾ, ದೇವರೇ!"

ಅಲ್ಲಿಗೇ ಮಾತು ಮುಗಿಸಿ, ಕಾಫಿ ಕುಡಿದು, ರೈಲು ಹತ್ತಬಹುದಿತ್ತು. ಆದರೆ ಸರ್ವೇಯರ ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಹೇಳಿಬಿಟ್ಟೆ. ಸರಳು ಮುರಿಯಲಿಲ್ಲ, ಜಾರಲಿಲ್ಲ, ಅದನ್ನು ಖಂಡಿತ ಬರೆಯುತ್ತೇನೆ. ಆದರೆ ಪೆಡಲಿನ ಕೆಳಗೆ ಏನಾದರೂ ಸಿಕ್ಕರೆ ಕಾಲಿಗೆ ತಿಳಿಯುವಷ್ಟು ಕೈಗೆ ತಿಳಿಯುವುದಿಲ್ಲ, ಇಂಥ ಗಾಡಿಯಲ್ಲಿ ಚಾಲಕರ ಕಡೆ ಸಡಿಲ ಮ್ಯಾಟು ಇರಲೇಬಾರದು, ಅದನ್ನೂ ಬರೆಯಬೇಕಾಗುತ್ತದೆ ಎಂದೆ.

ಆಕೆಯ ಮುಖ ಬಿಗಿಯಾಯಿತು. "ಅದನ್ನ ಓದಿದ್ರೆ ಇನ್‌ಸ್ಪೆಕ್ಟರ್ ಏನಂತಾರೆ?"

"ಮತ್ತೊಮ್ಮೆ ಟೆಸ್ಟ್ ಕೊಡ್ರಿ ಅಂದಾರು."

"ಇಲ್ಲ, ಕೈಯಲ್ಲಿ ಓಡಿಸೋರಿಗೆ ಲೈಸೆನ್ಸೇ ಬೇಡ ಅಂತಾರೆ. ಎಲ್ಲರಿಗೂ ಬೇಕಾಗಿರೋದು ಅದೇ. ಕಾಲಿರೋರು ದಿನಾ ಎಷ್ಟು ಜನ ಗುದ್ದುತಾರೆ, ಅವರ ಕಾಲಿನ ಬಗ್ಗೆ ನಿಮ್ಮ ಕಂಪನಿ ಯಾವತ್ತಾದ್ರೂ ಬರೆದಿದೆಯಾ?" ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಆ ಒಂದು ಸಾಲು ಬಿಟ್ರೆ ನಿಮ್ಮ ಗಂಟೇನು ಹೋಗುತ್ತೆ ಮೇಡಂ? ನಿಮ್ಮನ್ನ ನಂಬಿದ್ದೆ ನಾನು."

ಕಾಲಿನ ಬಗ್ಗೆ ನಾವು ಯಾವತ್ತೂ ಬರೆದಿಲ್ಲ. "ನಾಳಿ ನಿಮ್ಮಂಥಾಕಿ ಇನ್ನೊಬ್ಬಾಕಿ ಇಂಥದ್ದಽ ಮ್ಯಾಟು ಹಾಸ್ಕೊಂಡ್ರ ಏನ್ ಮಾಡೂದು ತಂಗಿ?" ಎಂದೆ. ಆಕೆ ಊರುಗೋಲು ಊರಿಕೊಂಡು ಒಳಕೋಣೆಗೆ ಹೋದರು. ನಾನೇ ಬಾಗಿಲು ಮುಂದೆ ಮಾಡಿಕೊಂಡು ಬಂದೆ.

ಹಿಂದಿರುಗುವ ರೈಲಿನಲ್ಲಿ ಲ್ಯಾಪ್‌ಟಾಪು ತೆರೆದು ಕೂತೆ. ಆ ಸಾಲನ್ನು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅಳಿಸಿದಾಗ ವರದಿ ಚೆಂದ ಕಾಣುತ್ತಿತ್ತು, ಎಲ್ಲರಿಗೂ ಒಳ್ಳೆಯದಾಗುವಂತಿತ್ತು. ಆದರೆ ಪೈಪು ಹಿಡಿದು ತಳ್ಳಿದಾಗ ಬ್ರೇಕು ಹಿಡಿಯಿತು ಎಂದು ನಂಬಿದ ನನ್ನ ಕೈ ನೆನಪಾದಾಗಲೆಲ್ಲ ಅದನ್ನು ಮತ್ತೆ ಬರೆಯುತ್ತಿದ್ದೆ. ಅಂಥ ಒಂದು ಕೈ ಎಲ್ಲೋ ರಸ್ತೆಯ ಮೇಲೆ ಇರುತ್ತದೆ. ರಾಜಮಂಡ್ರಿ ದಾಟುವಾಗ ಆ ಸಾಲನ್ನು ಉಳಿಸಿ ಲ್ಯಾಪ್‌ಟಾಪು ಮುಚ್ಚಿದೆ. ನನ್ನ ಮೇಲೆ ನನಗೇ ಬೇಜಾರಾಗಿತ್ತು.

ಕ್ಲೇಮಿನ ವಾದವನ್ನು ಬೇರೆಯಾಗಿ ಬರೆದೆ. ಸರಳಿನ ವಿಷಯ ತಿಳಿಸದೆ ಇದ್ದದ್ದು ತಪ್ಪೇ. ಆದರೆ ಅಂಗವಿಕಲರಿಗಾಗಿ ಬದಲಾಯಿಸಿ ಆರ್‌ಸಿಯಲ್ಲಿ ಬರೆಸಿದ ಗಾಡಿಗೆ ಪ್ರೀಮಿಯಂ ಕಡಿಮೆ ಮಾಡಬೇಕೆಂದು ನಮ್ಮ ನಿಯಮಗಳೇ ಹೇಳುತ್ತವೆ. ಅಂದರೆ ಇವರು ನಿಜ ಹೇಳಿದ್ದರೆ ನಾವು ಹೆಚ್ಚು ಕೇಳುತ್ತಿರಲಿಲ್ಲ, ಕಡಿಮೆ ಕೇಳುತ್ತಿದ್ದೆವು. ಮುಚ್ಚಿಟ್ಟು ಗಳಿಸಿದ್ದೇನೂ ಇಲ್ಲ, ಕಳೆದುಕೊಂಡದ್ದೇ ಹೆಚ್ಚು. ಅಪಘಾತಕ್ಕೆ ಕಾರಣವಾದ ಮ್ಯಾಟಿನ ಬಗ್ಗೆ ನಮ್ಮ ಅರ್ಜಿಯಲ್ಲಿ ಪ್ರಶ್ನೆಯೇ ಇಲ್ಲ. ಆದ್ದರಿಂದ ಪೂರ್ತಿ ನಿರಾಕರಿಸದೆ, ನಿಯಮ ತಪ್ಪಿದ್ದಕ್ಕೆ ಒಂದು ಪಾಲು ಕಡಿತ ಮಾಡಿ, ಸರಳಿನ ಬೆಲೆ ಬಿಟ್ಟು, ಉಳಿದದ್ದನ್ನು ಕೊಡಬೇಕು. ಮ್ಯಾನೇಜರು ಎರಡು ಸಲ ಓದಿದರು. ಆಡಿಟ್‌ನವರು ಬಂದರೆ ನಿಮ್ಮನ್ನೇ ಮುಂದೆ ನಿಲ್ಲಿಸುತ್ತೇನೆ ಎಂದರು. ನಿಲ್ಲಿಸಿ ಎಂದೆ. ಸಹಿ ಹಾಕಿದರು. ಸರ್ವೇಯರೂ ವರದಿ ತಿದ್ದಿ ಕಳಿಸಿದರು. ನನ್ನ ಆ ಸಾಲನ್ನೂ ತಪ್ಪದೆ ಸೇರಿಸಿದ್ದರು.

ಆಕೆ ಹೆದರಿದ್ದರಲ್ಲಿ ಅರ್ಧ ನಿಜವಾಯಿತು. ಆರ್‌ಟಿಒ ಇನ್‌ಸ್ಪೆಕ್ಟರು ಅದೇ ಸಾಲನ್ನು ಹಿಡಿದು, ಹೊಸದಾಗಿ ಡ್ರೈವಿಂಗ್ ಪರೀಕ್ಷೆ ಆಗುವವರೆಗೆ ಗಾಡಿ ಓಡಿಸಕೂಡದು ಎಂದು ಬರೆದರು. ಎಲುಬು ಕೂಡಿಕೊಂಡ ಮೇಲೂ ಆಕೆ ತಿಂಗಳುಗಟ್ಟಲೆ ಷೇರ್ ಆಟೋದಲ್ಲಿ ಹೋಗಿಬಂದರು. ನಾನು ಫೋನು ಮಾಡಿದರೆ ಎತ್ತಲಿಲ್ಲ. ಆ ದಿನಗಳಲ್ಲಿ ಆಫೀಸಿಗೆ ಹೋಗುವಾಗ ಷೇರ್ ಆಟೋಗಳಿಂದ ಕಣ್ಣು ತಪ್ಪಿಸಿಕೊಂಡೇ ಓಡಾಡಿದೆ. ಸರಿಯಾದದ್ದನ್ನೇ ಮಾಡಿದ್ದೇನೆ ಎಂದು ಎಷ್ಟು ಹೇಳಿಕೊಂಡರೂ ಸಮಾಧಾನವಾಗಲಿಲ್ಲ.

ಪರೀಕ್ಷೆಯ ದಿನ ಗೊತ್ತಾದದ್ದು ಸರ್ವೇಯರಿಂದ. ರಜೆ ಹಾಕಿ ಹೋದೆ. ಕಾರು ರಿಪೇರಿಯಾಗಿ, ಹಾಸನದಿಂದ ಎನ್‌ಒಸಿ ಬಂದು, ಆಂಧ್ರದ ನಂಬರು ಹತ್ತಿತ್ತು. ಅನುಮೋದನೆಯಿರುವ ಹೊಸ ಸರಳು ಹಾಕಿಸಿದ್ದರು, ಅದು ಆರ್‌ಸಿಗೂ ಏರಿತ್ತು. ಚಾಲಕರ ಕಡೆ ಮ್ಯಾಟೇ ಇರಲಿಲ್ಲ. ಆಕೆ ನನ್ನನ್ನು ನೋಡಿ ತಲೆಯಾಡಿಸಿದರು, ನಗಲಿಲ್ಲ.

ಇನ್‌ಸ್ಪೆಕ್ಟರು ಫೈಲು ತಿರುವಿ, ಕಾಲಿಗೆ ತಿಳಿಯುವಷ್ಟು ಕೈಗೆ ತಿಳಿಯುವುದಿಲ್ಲ ಎಂದು ಬರೆದವರು ಯಾರು ಎಂದು ತೆಲುಗಿನಲ್ಲಿ ಕೇಳಿದರು. ನಾನು ಎಂದೆ. ಸರಳು ಸುರಕ್ಷಿತ ಎಂದು ಬರೆದವರು? ಅದೂ ನಾನೇ ಎಂದೆ. ಅವರು ಫೈಲು ಮುಚ್ಚಿ, ಚಾಲಕರ ಪಕ್ಕದ ಸೀಟು ತೋರಿಸಿದರು.

"ಅಯಿತೇ ಮೀರೇ ಕೂರ್ಚೋಂಡಿ." ಹಾಗಾದರೆ ನೀವೇ ಕೂತುಕೊಳ್ಳಿ.

ಕೂತು ಬೆಲ್ಟು ಹಾಕಿಕೊಂಡೆ. ಏರು ಹತ್ತಿ ನಿಲ್ಲಿಸುವುದು, ಹಿಂದಕ್ಕೆ ಸರಿದು ಕಂಬಗಳ ನಡುವೆ ಇಡುವುದು, ಎಲ್ಲವನ್ನೂ ಆಕೆ ಒಂದು ಮಾತಿಲ್ಲದೆ ಮಾಡಿದರು. ಕೊನೆಯದು, ವೇಗದಲ್ಲಿ ಬರುವಾಗ ಇನ್‌ಸ್ಪೆಕ್ಟರು ಕರವಸ್ತ್ರ ಬೀಸಿದ ಕೂಡಲೇ ನಿಲ್ಲಿಸುವುದು. ಆಕೆ ಹಿಡಿಯನ್ನು ತನ್ನತ್ತ ಎಳೆದುಕೊಂಡರು. ಕಾರು ಓಡಿತು. ಎದುರಿಗೆ ಕಾಂಪೌಂಡ್ ಗೋಡೆ ದೊಡ್ಡದಾಗುತ್ತ ಬಂತು, ಕರವಸ್ತ್ರ ಮೇಲೆದ್ದಿತು, ಆಕೆಯ ಎಡಗೈ ಮುಂದಕ್ಕೆ ಹೋಯಿತು. ಗಾಡಿ ಗಕ್ಕನೆ ನಿಂತು ಬೆಲ್ಟು ನನ್ನ ಎದೆಗೆ ಒತ್ತಿತು.

ಆಕೆ ಗೋಡೆಯನ್ನು ನೋಡುತ್ತಿರಲಿಲ್ಲ. ನನ್ನ ಕಾಲನ್ನು ನೋಡುತ್ತಿದ್ದರು. ಬಲಗಾಲನ್ನು ನೆಲಕ್ಕೆ ಊರಿ ನಾನು ಇರುವಷ್ಟೂ ಬಲದಿಂದ ಒತ್ತಿ ಹಿಡಿದಿದ್ದೆ.

"ಮೇಡಂ, ಆ ಕಡೆ ಬ್ರೇಕ್ ಇಲ್ಲ," ಎಂದರು.

"ತಾನಽ ಹೋತ್ರೀ ಕಾಲು."

"ಹೋಗುತ್ತೆ. ಕಾಲಿರೋರಿಗೆ ಹಂಗೇ." ಮೊದಲ ಸಲ ಮುಖ ಸ್ವಲ್ಪ ಸಡಿಲವಾಯಿತು. "ನನಗೂ ಭಯ ಆಯ್ತು. ಆದ್ರೆ ಕೈ ಹೋಯ್ತಲ್ಲ, ನೋಡಿದ್ರಲ್ಲ?"

ಇನ್‌ಸ್ಪೆಕ್ಟರು ಕಿಟಕಿಯ ಹತ್ತಿರ ಬಂದು, ಆಯಿತು, ಇನ್ನು ನೀವು ಓಡಿಸಬಹುದು ಎಂದರು. ಆಕೆ ಕೈಗಡಿಯಾರ ನೋಡಿಕೊಂಡರು.

"ಇಳೀತೀರಾ ಮೇಡಂ? ಬ್ಯಾಂಕಿಗೆ ಹೊತ್ತಾಯ್ತು."

ಇಳಿದೆ. ಬಿಟ್ಟು ಬರುತ್ತೇನೆ ಎಂದು ಆಕೆ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಗೇಟಿನ ಹತ್ತಿರ ಕಾರು ನಿಂತಿತು. ಆಕೆ ಎರಡೂ ಕಡೆ ನೋಡಿಕೊಂಡು, ಅಚ್ಯುತಾಪುರಂ ಕಡೆಗೆ ತಿರುಗಿಸಿ ಒಬ್ಬರೇ ಹೊರಟುಹೋದರು.